ಮಕ್ಕಳ ಆಸ್ಪತ್ರೆಯ ಗೋಡೆಯ ಜಿರಾಫೆಗೆ, ಟೇಪಿನ ವಿಷಯವಾಗಿ

ಮಾನ್ಯ ಜಿರಾಫೆಯವರೇ,

ಮಕ್ಕಳ ಎತ್ತರ ಅಳೆಯಲೆಂದು ಮೈತುಂಬ ಗೆರೆ ಬರೆಸಿಕೊಂಡು, ಆರಡಿ ಗೋಡೆಯುದ್ದಕ್ಕೂ ಕತ್ತು ಚಾಚಿ ನಿಂತಿರುವ ತಮಗೆ, ಎದುರಿನ ಬೆಂಚಿನಲ್ಲಿ ಮೂರು ವರ್ಷ ಕುಳಿತೆದ್ದ ಹೊಲಿಗೆಯವಳ ನಮಸ್ಕಾರಗಳು. ತಮ್ಮ ಬಣ್ಣ ಮಾಸಿಲ್ಲವೆಂದು ನಂಬಿದ್ದೇನೆ.

ನನ್ನ ಮಗಳು ಗುಬ್ಬಿಗೆ ಹುಟ್ಟಿನಿಂದಲೇ ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತನ ಇತ್ತು. ಕೈಕಾಲು ಗಿಡ್ಡ, ತಲೆ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವಳು ನಿಲ್ಲಲು ಕಲಿತ ಮೇಲೆ, ಅವಳು ಗಿಡ್ಡ ಎಂಬ ಗುಟ್ಟನ್ನು ಪ್ರತಿ ತಿಂಗಳೂ ತಪ್ಪದೆ ಪತ್ತೆಹಚ್ಚಿದ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ನರ್ಸಮ್ಮ “ಏ ಚಿನ್ನಿ, ಜಿರಾಫೆ ಮಾಮನ ಮೊಣಕಾಲಾದ್ರೂ ದಾಟೇ!” ಎನ್ನುತ್ತಿದ್ದರು. ಗುಬ್ಬಿ ತಮ್ಮ ಮೊಣಕಾಲಿಗೆ ಮುತ್ತು ಕೊಡುತ್ತಿದ್ದಳು. ಚೀಟಿಯಲ್ಲಿ ಕೆಂಪು ಶಾಯಿಯಿಂದ ‘ಎತ್ತರ ಕಡಿಮೆ’ ಎಂದು ಬರೆದು ಕಳಿಸುತ್ತಿದ್ದರು.

ನಾನು ಅವಳಿಗೆ ಟೋಪಿ ಹೊಲಿಯುತ್ತಿದ್ದೆ. ಕೊನೆಯ ಎರಡು ತಿಂಗಳಲ್ಲಿ ಮೂರು ಟೋಪಿ ಬಿಗಿಯಾದವು. ಅಳತೆಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆಂದೂ ಬರೆದಿದ್ದೆ. ಅದನ್ನು ತೋರಿಸಿದಾಗ ಡಾಕ್ಟರು ನಕ್ಕು, “ಬಟ್ಟೆ ಅಳತೆ ನಿಮಗಿರ್ಲಿ ಅಮ್ಮ, ಮಗು ಅಳತೆ ನಮಗೆ ಬಿಡಿ” ಎಂದು ಮತ್ತೆ ತಮ್ಮ ಬಳಿಗೇ ಕಳಿಸಿದರು. ತಾವು ಎಂದಿನ ನಿಷ್ಠೆಯಿಂದ ಎತ್ತರ ಕಡಿಮೆ ಎಂದಿರಿ. ಅದಾದ ಹನ್ನೊಂದನೆಯ ದಿನ ಗುಬ್ಬಿ ನಿದ್ದೆಯಿಂದ ಏಳಲಿಲ್ಲ.

ಇಂಥ ಮಕ್ಕಳ ತಲೆಯ ಸುತ್ತಳತೆಯನ್ನು ನೋಡುತ್ತಲೇ ಇರಬೇಕು, ನಿದ್ದೆಯ ಉಸಿರನ್ನು ಪರೀಕ್ಷಿಸಬೇಕು, ತಲೆಬುರುಡೆಯ ತಳದ ದಾರಿ ಇಕ್ಕಟ್ಟಾಗಿ ಉಸಿರಾಟ ನಡೆಸುವ ನರವನ್ನು ಒತ್ತುತ್ತಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು ಎಂದು ಆಮೇಲೆ ದೊಡ್ಡ ಆಸ್ಪತ್ರೆಯವರು ಹೇಳಿದರು. ತಮಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ತಾವು ಗೋಡೆ. ಗೊತ್ತಿರಬೇಕಾದವರೂ ತಮ್ಮನ್ನೇ ಕೇಳಿದ್ದು ತಮ್ಮ ತಪ್ಪಲ್ಲ.

ಆದುದರಿಂದ ತಾವು ದಯಮಾಡಿ ಒಮ್ಮೆ ಕತ್ತು ಬಗ್ಗಿಸಿ, ಬಲಗಡೆಯ ಮೇಜಿನ ಎರಡನೆಯ ಡ್ರಾವರಿನಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮಲಗಿರುವ, ತಲೆ ಅಳೆಯುವ ಟೇಪನ್ನು ಹಲ್ಲಿನಿಂದ ಎಳೆದು ನರ್ಸಮ್ಮನ ಕೈಗಿಡಬೇಕೆಂದು ಬೇಡುತ್ತೇನೆ. ಗುಬ್ಬಿಯಂಥದೇ ಇನ್ನೊಂದು ಕೂಸು ಮಂಗಳವಾರ ತಮ್ಮ ಮುಂದೆ ನಿಲ್ಲಲಿದೆ.

ತಮ್ಮ ಮೊಣಕಾಲಿಗೆ ಋಣಿಯಾದ ವಿಶ್ವಾಸಿ,
ಟೋಪಿ ಹೊಲಿದವಳು

ತಾ.ಕ.: ತಾವು ಬಗ್ಗುವುದು ತಡವಾದೀತೆಂದು ನನ್ನ ಅಂಗಡಿಯ ಟೇಪನ್ನೇ ತಮ್ಮ ಕತ್ತಿನ ಪಕ್ಕದ ಮೊಳೆಗೆ ನೇತುಹಾಕಿ ಬಂದಿದ್ದೇನೆ. ಮಂಗಳವಾರ ನಾನೂ ಬೆಂಚಿನಲ್ಲಿರುತ್ತೇನೆ. ಆ ಕೂಸಿಗೊಂದು ಟೋಪಿ ಹೊಲಿಯುವುದಿದೆ. ತಲೆಯ ಅಳತೆಯನ್ನು ಡಾಕ್ಟರ ಚೀಟಿ ನೋಡಿಯೇ ಬರೆದುಕೊಳ್ಳುತ್ತೇನೆ.