ಅಂಬಲಿ ಕುಡಿದು ಕುಪ್ಪಂ ಸೇರಿದ್ದು

ಯಾವುದನ್ನೂ ಸುಲಭವಾಗಿ ನಂಬುವ ಅಭ್ಯಾಸ ನನಗಿಲ್ಲ. ಬೀಗ ಹಾಕಿದ ಮೇಲೆ ಎಳೆದು ನೋಡುತ್ತೇನೆ. ಎಳೆದದ್ದು ಸಾಲದೆನಿಸಿ ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಹಾಲಿನವನು "ಇವತ್ತು ಹಾಲು ಗಟ್ಟಿಯಾಗಿದೆ" ಎಂದರೆ, ಕೇಳದೆಯೇ ಯಾಕೆ ಹೇಳಿದ ಎಂದು ತಲೆ ಕೆಡಿಸಿಕೊಳ್ಳುತ್ತೇನೆ. ಇಂಥವನಿಗೆ ನಿದ್ದೆ ಎಲ್ಲಿಂದ ಬರಬೇಕು? ನಿದ್ದೆಯೆಂದರೆ ಕಣ್ಣು ಮುಚ್ಚಿ ಲೋಕವನ್ನು ಬೇರೆಯವರ ವಶಕ್ಕೆ ಬಿಡುವುದು. ಅಷ್ಟು ಧೈರ್ಯ ನನಗಿಲ್ಲ. ಹೊಟ್ಟೆಪಾಡಿಗೆ ನಾನು ಬೆಂಗಳೂರಿನ ಅಂಗಡಿಯೊಂದರಲ್ಲಿ ಹಾಸಿಗೆ ಮಾರುತ್ತೇನೆ ಎಂಬುದನ್ನು ಹೇಳಿಬಿಡುತ್ತೇನೆ, ನಗುವವರು ನಗಬಹುದು. "ಇದರ ಮೇಲೆ ಚೆನ್ನಾಗಿ ನಿದ್ದೆ ಬರುತ್ತಾ?" ಎಂದು ಗಿರಾಕಿ ಕೇಳಿದಾಗ ಕೆಂಪು ಕಣ್ಣುಗಳನ್ನು ಆಚೆ ತಿರುಗಿಸಿ ಹೌದೆನ್ನುತ್ತೇನೆ.

ಆದರೆ ಈ ನಿದ್ದೆಗೇಡಿತನವೇ ನನಗೊಂದು ಪದವಿ ತಂದುಕೊಟ್ಟಿತ್ತು. ನಮ್ಮ ಮನೆ ಹಳೆ ಚಿನ್ನದ ಗಣಿಯ ಪಕ್ಕದ ಊರಿಗಾಂನಲ್ಲಿ. ಬೆಳಿಗ್ಗೆ ಸ್ಕೂಟರನ್ನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಲ್ಲಿಸಿ ರೈಲು ಹತ್ತುತ್ತೇನೆ. ಸಂಜೆ ಬರುವ ರೈಲು ನಮ್ಮನ್ನು ಬಂಗಾರಪೇಟೆಯಲ್ಲಿ ಇಳಿಸಿ ಮುಂದೆ ಆಂಧ್ರದ ಕುಪ್ಪಂಗೆ ಹೋಗುತ್ತದೆ. ದಿನವಿಡೀ ದುಡಿದು ಸೋತ ಜನ, ವೈಟ್‌ಫೀಲ್ಡ್ ದಾಟುವಷ್ಟರಲ್ಲಿ ಕೂತಲ್ಲೇ ವಾಲಿಬಿಡುತ್ತಾರೆ. ಎಚ್ಚರವಿರುವವನು ನಾನೊಬ್ಬನೇ. ಹಾಗಾಗಿ ಬಂಗಾರಪೇಟೆ ಬಂದಾಗ ಎಲ್ಲರನ್ನೂ ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಅಲಾರಂ ಇಲ್ಲವೇ ಎಂದು ಕೇಳಬೇಡಿ. ಅದು ಹೊಡೆದುಕೊಂಡರೆ ಪಕ್ಕದವರದ್ದೆಂದು ಎಲ್ಲರೂ ಮಲಗೇ ಇರುತ್ತಾರೆ. ಗಾರೆ ಕೆಲಸದ ಮುನಿಯಪ್ಪ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಳ್ಳುವ ಮುಂಚೆ ನನ್ನತ್ತ ಒಮ್ಮೆ ನೋಡುತ್ತಿದ್ದ. ಮನೆಯಲ್ಲಿ ಯಾರೂ ನನ್ನನ್ನು ಹಾಗೆ ನಂಬಿ ನೋಡಿದ್ದಿಲ್ಲ. ಆ ನೋಟಕ್ಕಾಗಿಯೇ ನಾನು ಸಂಜೆಗೆ ಕಾಯುತ್ತಿದ್ದೆ.

ಇದರ ನಡುವೆ ಬ್ಯಾಕ್ಟೀರಿಯಾಗಳು ಬಂದವು. ನನ್ನ ಹೆಂಡತಿ ಸರೋಜ ಫೋನಿನಲ್ಲಿ ಏನೋ ನೋಡಿ, "ನಿದ್ದೆ ತಲೇಲಿಲ್ವಂತೆ ರೀ, ಹೊಟ್ಟೇಲಿದ್ಯಂತೆ. ಕರುಳಲ್ಲಿರೋ ಬ್ಯಾಕ್ಟೀರಿಯಾ ಚೆನ್ನಾಗಿದ್ರೆ ನಿದ್ದೆನೂ ಚೆನ್ನಾಗಿ ಬರಬಹುದಂತೆ" ಎಂದಳು. 'ಬರಬಹುದು' ಎಂಬ ಮಾತೇ ನನಗೆ ಅನುಮಾನ. ನಮ್ಮ ಅಂಗಡಿಯಲ್ಲಿ ಹಾಸಿಗೆ ಮಾರುವಾಗ ನಾವು ಬಳಸುವುದೂ ಅದನ್ನೇ. ಜೊತೆಗೆ ಇನ್ನೊಂದು ಕಸಿವಿಸಿ. ಕಣ್ಣಿಗೆ ಕಾಣದ ಇಷ್ಟೊಂದು ಜೀವಿಗಳು ನನ್ನೊಳಗೆ ಬಿಡಾರ ಹೂಡಿಕೊಂಡು, ನಾನು ಯಾವಾಗ ಮಲಗಬೇಕೆಂದು ತೀರ್ಮಾನ ಮಾಡುತ್ತವೆ ಎಂದರೆ ಮನೆಯ ಯಜಮಾನ ಯಾರು? ಸರೋಜ ವಾದಕ್ಕೆ ನಿಲ್ಲಲಿಲ್ಲ. ರಾತ್ರಿ ಮಿಕ್ಕ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಹುಳಿ ಬರಲು ಇಟ್ಟು, ಬೆಳಿಗ್ಗೆ ಅದಕ್ಕೆ ಈರುಳ್ಳಿ ಹಾಕಿ ಅಂಬಲಿ ಮಾಡಿ ಡಬ್ಬಿಗೆ ತುಂಬಿದಳು. ನಮ್ಮ ತಾತಂದಿರು ಕುಡಿದು ಗೊರಕೆ ಹೊಡೆದದ್ದು ಇದನ್ನೇ ಎಂದು ಆಮೇಲೆ ಹೊಳೆಯಿತು.

ಕೆಲವು ದಿನ ಏನೂ ಆಗಲಿಲ್ಲ, ನನ್ನ ಅನುಮಾನವೇ ಗೆದ್ದಿತೆಂದುಕೊಂಡೆ. ಅಷ್ಟರಲ್ಲಿ ಒಂದು ಸಂಜೆ ಮುನಿಯಪ್ಪ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಬಂದ. "ಸಾರ್, ಇವತ್ತು ನಮ್ ಮಗಳ್ನ ನೋಡಾಕೆ ಗಂಡಿನೋರು ಬತ್ತಾವ್ರೆ. ನಾನಿಲ್ದೆ ಮಾತು ನಡೆಯಾಕಿಲ್ಲ. ಮರೀದಂಗೆ ಎಬ್ಬರ್ಸಿಬುಡಿ" ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಮಾಲೂರು ಕಂಡದ್ದು ನೆನಪಿದೆ. ಅದಾದ ಮೇಲೆ ನೆನಪಿರುವುದು ಎದುರು ಸೀಟಿನ ಸೆಲ್ವಿಯಕ್ಕನ ತಮಿಳು ಬೆರೆತ ದನಿ. ಊರಿಗಾಂನಿಂದ ಗಾರ್ಮೆಂಟ್ಸಿಗೆ ಹೋಗಿಬರುವ ಹೆಂಗಸು. "ಎನ್ನ ಸಾರ್ ಇದು, ಕುಪ್ಪಂ ಬಂದ್ಬಿಟ್ಟೈತೆ. ನೀವೂ ಮಲ್ಗಿಬಿಟ್ರಾ?" ಮಾಲೂರಿನಲ್ಲಿ ಹತ್ತಿ ಬಂಗಾರಪೇಟೆಯಲ್ಲಿ ಇಳಿದ ಹೊಸಬರು ನಮ್ಮನ್ನು ಕುಪ್ಪಂ ಜನವೆಂದುಕೊಂಡು ಪಾಪ, ಸದ್ದು ಮಾಡದೆ ಇಳಿದಿದ್ದರು. ಮುನಿಯಪ್ಪ ಬೈಯಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಕೂತು ಹೊಸ ಕ್ಷೌರದ ಕೆನ್ನೆ ಸವರಿಕೊಂಡ. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ಅವನು ಮನೆ ಮುಟ್ಟುವಷ್ಟರಲ್ಲಿ ಗಂಡಿನವರು ಉಪ್ಪಿಟ್ಟು ತಿಂದು, ಮುಂದಿನ ವಾರ ಇನ್ನೊಂದು ಸಲ ಬರುತ್ತೇವೆಂದು ಹೇಳಿ ಎದ್ದು ಹೋಗಿದ್ದರಂತೆ.

ಮಾರನೆಯ ದಿನದಿಂದ ಬೋಗಿಯಲ್ಲಿ ನನ್ನ ವಿಚಾರಣೆ ಶುರುವಾಯಿತು. ತಪ್ಪೆಲ್ಲ ಅಂಬಲಿಯದು, ಅದರೊಳಗಿನ ಬ್ಯಾಕ್ಟೀರಿಯಾದ್ದು ಎಂದು ನಾನೇ ಬಾಯಿಬಿಟ್ಟಿದ್ದೆ. ರೈಲು ಹೊರಡುವ ಮುಂಚೆ ಸೆಲ್ವಿಯಕ್ಕ ನನ್ನ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮೂಸುವಳು. "ಅಂಬಲಿ ವಾಸ್ನೆ ಐತೆ. ಇವತ್ತು ಇವ್ರನ್ನ ನಂಬಬ್ಯಾಡ್ರಿ" ಎಂದು ಎಲ್ಲರಿಗೂ ಸಾರುವಳು. ಬ್ಯಾಕ್ಟೀರಿಯಾಗಳ ಮಹಿಮೆಯನ್ನು ಕೊನೆಗೂ ಒಪ್ಪಿಕೊಂಡವರು ಈ ಬೋಗಿಯವರು, ಅದೂ ನನ್ನ ಮಾನ ಕಳೆದು. ನಿಜವಾಗಿ ನನಗೆ ನಿದ್ದೆ ತಂದದ್ದು ಅಂಬಲಿಯೋ, ಆ ದಿನ ಅಂಗಡಿಯಲ್ಲಿ ಹೊತ್ತ ಹಾಸಿಗೆಗಳೋ, ಯಾರು ಬಲ್ಲರು?

ಗಂಡಿನವರು ಮತ್ತೆ ಬರುವ ದಿನ ಬಂತು. ಎಷ್ಟೋ ವರ್ಷಗಳ ಮೇಲೆ ನಿದ್ದೆಯ ರುಚಿ ಹತ್ತಿತ್ತು. ಆದರೂ ಸರೋಜಳ ಕಣ್ತಪ್ಪಿಸಿ ಅಂಬಲಿಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಡಬ್ಬಿ ತೊಳೆದು, ಉಪವಾಸ ಹೊರಟೆ. ಸಂಜೆ ಸೆಲ್ವಿಯಕ್ಕ ಡಬ್ಬಿ ಮೂಸಿ ಸರಿಯೆಂದಳು. ಒಬ್ಬೊಬ್ಬರಾಗಿ ಎಲ್ಲರೂ ವಾಲಿದರು. ಹಸಿದ ಹೊಟ್ಟೆ ಗೊಣಗುತ್ತಿತ್ತು, ಕಣ್ಣು ನಿಚ್ಚಳವಾಗಿತ್ತು. ನನ್ನ ಪದವಿ ನನಗೆ ಮರಳಿತೆಂದು ಎದೆ ತುಂಬಿ ಮುನಿಯಪ್ಪನತ್ತ ತಿರುಗಿದೆ. ಅವನ ಟವೆಲ್ಲು ಮೂಗಿನವರೆಗೆ ಮಾತ್ರ ಬಂದಿತ್ತು. ಅದರ ಅಂಚಿನಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

"ಮಲ್ಗು ಮುನಿಯಪ್ಪ, ನಾನಿದ್ದೀನಿ" ಎಂದೆ.

"ಆಗ್ಲಿ ಸಾರ್" ಎಂದ. ಆ ಕಣ್ಣು ಮುಚ್ಚಲಿಲ್ಲ.

ಬಂಗಾರಪೇಟೆ ಬರುವವರೆಗೂ ಅವನು ನನ್ನನ್ನು ಕಾದ, ನಾನು ಅವನನ್ನು ಕಾದೆ. ನನ್ನ ಕಾಯಿಲೆ ಅವನಿಗೂ ಅಂಟಿತ್ತು. ಅದಕ್ಕೆ ಯಾವ ಬ್ಯಾಕ್ಟೀರಿಯಾವೂ ಬೇಕಾಗಿರಲಿಲ್ಲ, ನಾನೊಬ್ಬ ಸಾಕಾಗಿದ್ದೆ.