ದೇವರಾಣೆ ಮಾಡಿಸುವ ನೌಕರಿ

ಸಾಕ್ಷಿಯ ಕಟಕಟೆ ಹತ್ತಿದವರಿಗೆಲ್ಲ ದೇವರ ಮೇಲೆ ಪ್ರಮಾಣ ಮಾಡಿಸುವುದೇ ನೌಕರಿಯಾದವನಿಗೆ ನಗುವಿಗೆ ಬರ ಅನ್ನುವುದೇ ಇಲ್ಲ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗ ಜಿಲ್ಲೆಯ ಕೋರ್ಟುಗಳಲ್ಲಿ ಗುಮಾಸ್ತನಾಗಿದ್ದೆ. ಎಲ್ಲಿಗೆ ವರ್ಗವಾದರೂ ಕೆಲಸ ಒಂದೇ. "ದೇವರ ಸಾಕ್ಷಿಯಾಗಿ ಸತ್ಯವನ್ನೇ ಹೇಳುತ್ತೇನೆ" ಎಂದು ನಾನು ಹೇಳಬೇಕು, ಕಟಕಟೆಯಲ್ಲಿ ನಿಂತವರು ಅದನ್ನೇ ತಿರುಗಿ ಹೇಳಬೇಕು. ಕೇಳಲು ಸುಲಭ. ಆದರೆ ಮನುಷ್ಯ, ದೇವರು, ಸತ್ಯ ಮೂವರನ್ನೂ ಒಂದೇ ವಾಕ್ಯದಲ್ಲಿ ನಿಲ್ಲಿಸಿದರೆ ಯಾರಾದರೊಬ್ಬರು ತಕರಾರು ತೆಗೆಯದೆ ಇರುತ್ತಿರಲಿಲ್ಲ.

ಯಾರ ಮನೆ ದೇವರು?

ಆಗ ಹೊಸದುರ್ಗದಲ್ಲಿದ್ದೆ. ಇಬ್ಬರು ರೈತರ ಹೊಡೆದಾಟದ ಕೇಸಿಗೆ ಮಾಡದಕೆರೆ ಕಡೆಯ ಮುದುಕನೊಬ್ಬ ಸಾಕ್ಷಿ. ಕುರಿ ಮೇಯಿಸುವವನು. ಜಗಳ ನಡೆದಾಗ ಬದುವಿನ ಮೇಲೇ ಇದ್ದನಂತೆ. ಹೆಗಲ ಕಂಬಳಿಯನ್ನು ಸರಿಮಾಡಿಕೊಂಡು ಕಟಕಟೆ ಹತ್ತಿದ.

"ದೇವರ ಸಾಕ್ಷಿಯಾಗಿ ಅನ್ರಿ" ಅಂದೆ.

"ಯಾವ ದೇವರು?"

"ನಿಮ್ಮ ಮನೆ ದೇವರನ್ನೇ ನೆನೆಸ್ಕಳ್ರಿ."

ಮುದುಕ ಒಂದು ಹೆಜ್ಜೆ ಹಿಂದೆ ಸರಿದ. "ಅದು ಬ್ಯಾಡ ಸ್ವಾಮಿ. ನಮ್ಮದು ಬಲು ಸಿಟ್ಟಿನ ದೇವರು. ನಿಮ್ಮ ಮನೆ ದೇವರು ಹೆಂಗೆ, ಸಾಧುವಾ?"

ನ್ಯಾಯಾಧೀಶರು ತಲೆಯೆತ್ತಿ, "ನಿಜ ಹೇಳುವವನಿಗೆ ಯಾವ ದೇವರಾದರೇನಯ್ಯ?" ಎಂದರು.

"ನಿಜಾನೇ ಹೇಳ್ತೀನಿ ಬುದ್ಧಿ. ಆದ್ರೆ ವಯಸ್ಸಾಗೈತೆ, ಬಾಯಿ ತಪ್ಪಿ ಒಂದು ಮಾತು ಆಚೆ ಈಚೆ ಆದ್ರೆ? ಎಂಬತ್ತು ಕುರಿ ಅವೆ ನನ್ನವು. ಈ ಗುಮಾಸ್ತರಿಗೆ ಕುರಿ ಇಲ್ವಲ್ಲ."

ಕೊನೆಗೆ ನನ್ನ ಮನೆ ದೇವರ ಮೇಲೇ ಪ್ರಮಾಣವಾಯಿತು. ವಕೀಲರು ಒಂದು ಗಂಟೆ ಸುತ್ತಿ ಬಳಸಿ ಕೇಳಿದರು. ಒಂದೊಂದು ಉತ್ತರಕ್ಕೂ ಮುಂಚೆ ಮುದುಕ ನನ್ನ ಮುಖ ನೋಡಿ, ಯೋಚಿಸಿ, ಅಳೆದು ಮಾತಾಡಿದ. ಅಷ್ಟು ಚೊಕ್ಕ ಸಾಕ್ಷಿಯನ್ನು ನಾನು ಕೇಳಿರಲಿಲ್ಲ. ಇಳಿದು ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ ಹೇಳಿದ: "ಧೈರ್ಯವಾಗಿ ಮನೆಗೆ ಹೋಗ್ರಿ. ನಿಮ್ಮ ಹೆಂಡ್ತಿ ಮಕ್ಕಳಿಗೆ ಏನೂ ಆಗಂಗಿಲ್ಲ. ಎಲ್ಲಾ ಕಂಡಿದ್ದೇ ಹೇಳೀನಿ."

ಸೋಮವಾರ ಬೇಡ

ಹೊಳಲ್ಕೆರೆಯಲ್ಲಿ ಒಬ್ಬ ಖಾಯಂ ಸಾಕ್ಷಿ ಇದ್ದ. ಯಾರ ಜಮೀನಿನ ಕೇಸಾದರೂ ಅವನು ಅಲ್ಲೇ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಂಡಿರುತ್ತಿದ್ದ. ಹಣೆ ತುಂಬ ವಿಭೂತಿ. ಪ್ರಮಾಣವನ್ನು ನಾನು ಹೇಳಿಕೊಡುವ ಮೊದಲೇ ಕಣ್ಣು ಮುಚ್ಚಿ ಮುಗಿಸಿಬಿಡುತ್ತಿದ್ದ.

ಒಮ್ಮೆ ಅವನ ಸಾಕ್ಷಿಗೆ ಸೋಮವಾರ ದಿನ ಕೊಟ್ಟರು. ಕೈಮುಗಿದು, "ಮಂಗಳವಾರ ಮಾಡ್ರಿ ಸ್ವಾಮಿ" ಅಂದ.

"ಸೋಮವಾರ ಏನು ತೊಂದರೆ?"

"ಉಪವಾಸ ಇರ್ತೀನಿ. ಅವತ್ತು ಸುಳ್ಳು ಹೇಳಂಗಿಲ್ಲ."

ಹೇಳಿಯಾದ ಮೇಲೆ ತಾನೇನು ಹೇಳಿದೆನೆಂದು ಅವನಿಗೇ ಗೊತ್ತಾಯಿತು. ಅವನನ್ನು ಕರೆತಂದ ವಕೀಲರು ಫೈಲಿನೊಳಗೆ ಮುಖ ಇಟ್ಟರು. ನ್ಯಾಯಾಧೀಶರು ಶಾಂತವಾಗಿ ಸೋಮವಾರ ಎಂದೇ ಬರೆದರು. ಅವನು ಸೋಮವಾರ ಬರಲೇ ಬೇಕಾಗಲಿಲ್ಲ. ಭಾನುವಾರ ಸಂಜೆಯೊಳಗೆ ಅವನ ಕಡೆಯವರೇ ಎದುರು ಪಕ್ಷದವರ ಮನೆಗೆ ಹೋಗಿ ರಾಜಿ ಮಾಡಿಕೊಂಡಿದ್ದರು.

ಒಂದೇ ಒಂದು ಸುಳ್ಳು

ಚಿತ್ರದುರ್ಗದಲ್ಲಿ ಒಬ್ಬ ಯುವ ವಕೀಲರಿದ್ದರು. ಸಾಕ್ಷಿಗಳನ್ನು ಬೆದರಿಸುವುದರಲ್ಲಿ ಹೆಸರು ಮಾಡಿದ್ದರು. ತುರುವನೂರಿನ ಹಿರಿಯರೊಬ್ಬರು ಕಟಕಟೆಗೆ ಬಂದ ದಿನ ಈ ವಕೀಲರ ಮೊದಲ ಪ್ರಶ್ನೆಯೇ ಇದು:

"ದೇವರ ಮೇಲೆ ಆಣೆಯಿಟ್ಟು ಎಂದಾದರೂ ಸುಳ್ಳು ಹೇಳಿದ್ದೀರಾ?"

"ಹೇಳೀನಿ. ಒಂದ್ಸಲ."

ವಕೀಲರ ಮುಖ ಅರಳಿತು. "ಯಾವಾಗ?"

"ಸ್ವಾತಂತ್ರ್ಯದ ಚಳವಳಿ ಟೈಮು. ನಮ್ಮ ಜೊತೆಯೋನೊಬ್ಬನ್ನ ಹುಡುಕ್ಕಂಡು ಪೊಲೀಸರು ಬಂದ್ರು. ಅವನು ನಮ್ಮ ಅಟ್ಟದ ಮ್ಯಾಲೆ ಹುಲ್ಲಿನ ಹಿಂದೆ ಕುಂತಿದ್ದ. ದೇವರಾಣೆ ನಾನು ನೋಡಿಲ್ಲ ಅಂದೆ."

"ಅಂದರೆ ದೇವರ ಭಯ ನಿಮಗಿಲ್ಲ."

"ಭಯ ಇತ್ತಪ್ಪ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಅಟ್ಟ ಹತ್ತಿ, ಸುಳ್ಳಾಣೆ ಇಟ್ಟುಬಿಟ್ಟೆ, ಪಾಪ ಬರ್ತೈತೇನೋ ಅಂತ ಅವನನ್ನೇ ಕೇಳ್ದೆ. ಇವತ್ತೂ ಬಂದ್ರೆ ಇನ್ನೊಂದ್ಸಲ ಇಡು ಅಂದ."

"ಆ ಮಹಾನುಭಾವರು ಈಗಲೂ ಇದ್ದಾರೋ?"

"ಅವ್ರೆ. ನಿಮ್ಮ ತಂದೆಯವರು. ಮಂಡಿನೋವು ಹೆಂಗೈತೆ ಈಗ?"



ಸತ್ಯದ ಮೇಲೆ ಆಣೆ

ಹಿರಿಯೂರಿನಲ್ಲಿ ನಡೆದದ್ದು ಮಾತ್ರ ನನ್ನ ಇಡೀ ನೌಕರಿಯಲ್ಲೇ ಒಂದೇ ಸಲ ಕಂಡದ್ದು. ಒಬ್ಬ ವಿಧವೆಯ ಮನೆಯಿಂದ ಬೀದಿಗೆ ಬರಲು ಒಂದೇ ಓಣಿ. ಪಕ್ಕದ ಮನೆಯ ಜವಳಿ ವ್ಯಾಪಾರಿ, ಆ ಜಾಗ ತನ್ನದು, ಅಲ್ಲಿ ದಾರಿಯೇ ಇರಲಿಲ್ಲ ಎಂದು ದಾವೆ ಹಾಕಿದ್ದ. ಅವನು ಗೆದ್ದರೆ ಆಕೆ ನೀರಿಗೆ ಹೋಗಲೂ ಮೂರು ಮನೆಯವರ ಹಿತ್ತಿಲು ದಾಟಬೇಕು. ವ್ಯಾಪಾರಿ ದೊಡ್ಡ ದೈವಭಕ್ತ. ಅವನ ಸಾಕ್ಷಿ ಸ್ವಂತ ತಮ್ಮ, ಊರಿನ ದರ್ಜಿ. ದೇವರೇ ಇಲ್ಲ ಅನ್ನುವವನು. "ನನ್ನ ಕರೀಬ್ಯಾಡ ಅಣ್ಣ, ಕಂಡಿದ್ದೇ ಹೇಳ್ತೀನಿ" ಎಂದು ತಮ್ಮ ಮೊದಲೇ ಹೇಳಿದ್ದನಂತೆ. ಒಡಹುಟ್ಟಿದವನು ಬಿಟ್ಟುಕೊಡುತ್ತಾನೆಯೇ ಎಂದು ಅಣ್ಣ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ಪ್ರಮಾಣ ಶುರು ಮಾಡಿದೆ. ದರ್ಜಿ ತಲೆಯಾಡಿಸಿ, "ಇಲ್ಲದವನ ಮೇಲೆ ಆಣೆ ಇಟ್ರೆ ಅದೇ ಮೊದಲನೇ ಸುಳ್ಳಾಗ್ತೈತೆ" ಅಂದ.

ವಿಧವೆಯ ವಕೀಲರು ಧಡಕ್ಕನೆ ಎದ್ದರು. "ಸ್ವಾಮಿ, ದೇವರ ಭಯವಿಲ್ಲದವನು ಸತ್ಯ ಯಾಕೆ ಹೇಳುತ್ತಾನೆ? ಇವನ ಮಾತು ನಂಬಬಾರದು."

ಅಣ್ಣನ ವಕೀಲರೂ ಎದ್ದರು. "ಸತ್ಯಕ್ಕೂ ದೇವರಿಗೂ ಏನು ಸಂಬಂಧ ಸ್ವಾಮಿ? ಇಡೀ ಪೇಟೆಯಲ್ಲಿ ಮಿಕ್ಕ ಬಟ್ಟೆ ವಾಪಸ್ ಕೊಡುವ ದರ್ಜಿ ಇವನೊಬ್ಬನೇ."

ದೇವರ ಹೆಸರಿಲ್ಲದೆ, ಸತ್ಯದ ಹೆಸರಿನಲ್ಲೇ ಪ್ರಮಾಣ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಹಾಗೇ ಮಾಡಿಸಿದೆ.

ದರ್ಜಿ ಅಣ್ಣನ ಕಡೆ ನೋಡಲಿಲ್ಲ. ಕಟಕಟೆಯ ಕಂಬಿ ಹಿಡಿದು ಹೇಳಿದ: "ಆ ಓಣಿ ಯಾವಾಗಲೂ ಇತ್ತು. ನಾನೂ ನಮ್ಮಣ್ಣನೂ ಅದರಾಗೇ ಸ್ಕೂಲಿಗೆ ಓಡಿದ್ದು. ದಾರಿ ಆಯಮ್ಮಂದೇ."

ಆಮೇಲೆ ಅಣ್ಣನ ವಕೀಲರು ಗಂಟಲು ಸರಿಮಾಡಿಕೊಂಡು ಎದ್ದರು. "ಸ್ವಾಮಿ, ದೇವರನ್ನೇ ನಂಬದವನನ್ನು ನಾವು ಹೇಗೆ ನಂಬುವುದು?"

ವಿಧವೆಯ ವಕೀಲರೂ ಎದ್ದರು. "ಸತ್ಯಕ್ಕೂ ದೇವರಿಗೂ ಏನು ಸಂಬಂಧ ಸ್ವಾಮಿ?"

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವಿಬ್ಬರೂ ಹೊರಗೆ ಹೋಗಿ ಒಂದು ತೀರ್ಮಾನಕ್ಕೆ ಬನ್ನಿ. ಅಲ್ಲಿಯವರೆಗೆ ನಾನು ಕಾಯುತ್ತೇನೆ."

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಣ್ಣನೇ ಎದ್ದು ಬಂದ. "ಅವರು ಎಲ್ಲಿಗೂ ಹೋಗೋದು ಬ್ಯಾಡ ಸ್ವಾಮಿ. ಕೇಸು ವಾಪಸ್ ತಗಂತೀನಿ. ಆಯಮ್ಮ ಓಡಾಡ್ಕಳ್ಳಲಿ."

"ತಮ್ಮನ ಮೇಲೆ ಸಿಟ್ಟು ಬಂತೇನಪ್ಪ?"

"ತಮ್ಮನ ಮ್ಯಾಲೆ ಯಾತಕ್ಕೆ ಸಿಟ್ಟು? ಸಿಟ್ಟೆಲ್ಲ ಆ ದೇವರ ಮ್ಯಾಲೆ" ಎಂದು ವ್ಯಾಪಾರಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಇವನಿಗೆ ಒಳ್ಳೆ ಬುದ್ಧಿ ಕೊಡಪ್ಪ ಅಂತ ಇಪ್ಪತ್ತು ವರ್ಷದಿಂದ ಹಾಲುರಾಮೇಶ್ವರಕ್ಕೆ ಹೋಗಿ ಬೇಡ್ಕಂತಾ ಇದೀನಿ ಸ್ವಾಮಿ. ಕೊಡೋದೇನೋ ಕೊಟ್ಟ. ನನ್ನ ಕೇಸಿನ ದಿನಾನೇ ಕೊಡಬೇಕಾ?"