ಅಜ್ಜಿ, ನಾಲ್ಕು ನಾಯಿ, ಐದನೇ ಸೀಟು

ನಾನು ಏನೂ ಮಾಡದೆ ಸುಮ್ಮನೆ ಕೂತರೂ ನನ್ನ ಸುತ್ತ ಏನಾದರೂ ಆಗುತ್ತೆ. ಮಾಡಿದರಂತೂ ಕೇಳಲೇಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ದಿನಾ ಗುಬ್ಬಿಯಿಂದ ತುಮಕೂರಿಗೆ ಟ್ಯುಟೋರಿಯಲ್‌ಗೆ ಬರ್ತಿದ್ದೆ. ಟ್ಯುಟೋರಿಯಲ್ ಮೇಲಿನ ಮಹಡಿಯಲ್ಲಿ, ಸೈಬರ್ ಕೆಫೆ ಕೆಳಗಡೆ. ಮೆಟ್ಟಿಲು ಹತ್ತೋಕೆ ನನಗೆ ಮೊದಲಿಂದಲೂ ಸುಸ್ತು.

ಜೋಕರ್‌ಗೆ ಸೀಟಿಲ್ಲ

ಕೆಫೆಯಲ್ಲಿ ಒಂದು ಆನ್‌ಲೈನ್ ಗೇಮು. ಈ ಕಡೆ ಐದು ಜನ, ಆ ಕಡೆ ಐದು ಜನ, ಎರಡೂ ಕಡೆಯವರಿಗೆ ಒಂದೊಂದು ಕೋಟೆ. ಎದುರಾಳಿಯ ಕೋಟೆ ಕೆಡವಿದವರು ಗೆದ್ದ ಹಾಗೆ. ನಮ್ಮ ಎದುರಾಳಿಗಳು ಕುಣಿಗಲ್ಲಿನ ಒಂದು ಕೆಫೆಯ ಹುಡುಗರು. ಅವರ ಮುಖ ನಾವು ನೋಡಿಲ್ಲ, ಬೈಗುಳ ಮಾತ್ರ ಪರಿಚಯ. ಅವರ ಮೇಲೆ ನಾವು ಒಂದು ಸಲವೂ ಗೆದ್ದಿರಲಿಲ್ಲ.

ನಮ್ಮ ಕ್ಯಾಪ್ಟನ್ ಡಿಪ್ಲೊಮಾ ಓದ್ತಿದ್ದ ಒಬ್ಬ ಅಣ್ಣ. ಗೇಮ್ ಅಂದರೆ ಅವನಿಗೆ ಪೂಜೆ ಇದ್ದ ಹಾಗೆ, ಚಪ್ಪಲಿ ಬಿಟ್ಟು ಆಡೋನು. ಒಂದು ದಿನ ಅವನ ಮೌಸಿನ ಹೊಟ್ಟೆಯೊಳಗಿನ ಗುಂಡು ತೆಗೆದು ನೆಲ್ಲಿಕಾಯಿ ಇಟ್ಟಿದ್ದೆ. ಅವತ್ತಿಂದ ನನ್ನನ್ನು ಟೀಮಿನ ಹತ್ತಿರ ಸೇರಿಸ್ತಿರಲಿಲ್ಲ.

ಅಷ್ಟರಲ್ಲಿ ಟೀಮಿನ ಐದನೆಯವನು, ಅಮೃತೂರಿನ ಹುಡುಗ, ಆಟದ ಮಧ್ಯದಲ್ಲೇ ಎದ್ದು ಹೋದ. ಎದ್ದು ಹೋದ ಅನ್ನೋದಕ್ಕಿಂತ, ಅವರಪ್ಪ ಬಂದು ಕಿವಿ ಹಿಡಿದು ಎಳ್ಕೊಂಡು ಹೋದರು. ಸೀಟು ಖಾಲಿ ಆಯ್ತು.

"ಅಣ್ಣ, ನಾನು ಕೂರ್ತೀನಿ" ಅಂದೆ.

"ನೀನಾ? ನೀನು ಜೋಕರ್ ಕಣೋ, ಸರ್ಕಸ್‌ಗೆ ಹೋಗು."

"ಒಂದೇ ಒಂದು ಚಾನ್ಸ್ ಕೊಡಣ್ಣ."

ಅವನು ನನ್ನ ಮುಖ ನೋಡಿದ, ಖಾಲಿ ಕುರ್ಚಿ ನೋಡಿದ. "ಅಜ್ಜಿನ ಕಲ್ತು ಬಾ. ಕುಣಿಗಲ್ ಮ್ಯಾಚ್ ಗೆದ್ರೆ ಸೀಟು ನಿಂದು. ಸೋತ್ರೆ ಇಲ್ಲಿಗೆ ಕಾಲಿಡಬೇಡ, ಮೇಲಕ್ಕೆ ಹೋಗಿ ಗಣಿತ ಕಲಿ."

ಇಷ್ಟು ಕ್ರೂರವಾದ ಮಾತು ನಮ್ಮಪ್ಪನೂ ಆಡಿರಲಿಲ್ಲ.

ಅಜ್ಜಿ ಅಂದರೆ ಆ ಗೇಮಿನ ಒಂದು ಪಾತ್ರ. ಕೋಲು ಹಿಡಿದ ಮುದುಕಿ. ಅವಳಿಗೆ ಹೊಡೆದಾಡೋಕೆ ಬರಲ್ಲ, ಅವಳ ನಾಲ್ಕು ನಾಯಿಗಳಿಗೆ ಬರುತ್ತೆ. ಬಲಗೈಲಿ ಮೌಸ್ ಹಿಡಿದು ಅಜ್ಜಿನ ನಡೆಸಬೇಕು. ಎಡಗೈಲಿ ನಾಲ್ಕು ಕೀ, ಒಂದೊಂದು ನಾಯಿಗೆ ಒಂದೊಂದು. ಸ್ವಲ್ಪ ಹೊತ್ತು ಯಾರೂ ಏನೂ ಹೇಳದಿದ್ದರೆ ನಾಯಿಗಳು ಸಿಟ್ಟಿಗೆದ್ದು, ಹತ್ತಿರ ಶತ್ರುಗಳದ್ದು ಏನಿದೆಯೋ ಅದರ ಮೇಲೆ ತಾವೇ ಬೀಳ್ತವಂತೆ. ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ನಾನಂತೂ ಕಾಣೋ ಹಾಗೇ ಇರಲಿಲ್ಲ. ಸುಮ್ಮನಿರೋದು ನಮ್ಮ ವಂಶದಲ್ಲೇ ಇಲ್ಲ.

ಮೊದಲ ದಿನ ಅಜ್ಜಿನ ಹಿಡಿದೆ. ಕ್ಯಾಪ್ಟನ್ ಹಿಂದೆ ನಿಂತು ನೋಡಿದ. ಆಮೇಲೆ ಕೆಫೆಗೆಲ್ಲ ಕೇಳೋ ಹಾಗೆ ಹೇಳಿದ, "ಬನ್ರೋ ನೋಡ್ರೋ, ನಾಯಿಗಳೆಲ್ಲ ಮನೇಲಿ ಮಲಗವೆ, ಮುದುಕಿ ಒಬ್ಳೇ ಯುದ್ಧಕ್ಕೆ ಹೊಂಟವ್ಳೆ!"

ಎಡಗೈ ಪಾಸು

ತೊಂದರೆ ಇದ್ದದ್ದು ನನ್ನ ಎಡಗೈಯಲ್ಲಿ. ಬೆರಳುಗಳು ಒಂದರ ಮಾತು ಇನ್ನೊಂದು ಕೇಳ್ತಿರಲಿಲ್ಲ. ಅದಕ್ಕೆ ಗುಬ್ಬಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಸೇರಿದೆ. ಮಗನಿಗೆ ಬುದ್ಧಿ ಬಂತು ಅಂತ ಅಮ್ಮ ಅವತ್ತು ಪಾಯಸ ಮಾಡಿದರು.

ಅಲ್ಲಿನ ಮೇಡಂ ಎಲ್ಲರಿಗೂ ಮೊದಲ ಪಾಠ ಕೊಟ್ಟರು. ನಾನು ನನಗೆ ಬೇಕಾದ ನಾಲ್ಕು ಕೀ ಮಾತ್ರ ಹಿಡಿದು ಬಡಿಯೋಕೆ ಶುರು ಮಾಡಿದೆ. ಬಲಗೈ ಮೌಸ್ ಹಿಡಿದ ಹಾಗೆ ಮೇಜಿನ ಮೇಲೆ ಓಡಾಡ್ತಿತ್ತು. ಮೇಡಂ ಬಂದು ಹಾಳೆ ಎಳೆದು ನೋಡಿದರು. ಮೇಲಿಂದ ಕೆಳಗೆ ಅದೇ ನಾಲ್ಕು ಅಕ್ಷರ.

"ಏನೋ ಇದು?"

"ನಾಲ್ಕು ನಾಯಿ, ಮೇಡಂ."

"ಬಲಗೈಲಿ ಮೇಜು ಯಾಕೆ ಒರೆಸ್ತಿದೀಯ?"

"ಅದು ಅಜ್ಜಿ, ಮೇಡಂ."

ಅವರು ಹಾಳೆ ಮುದುರಿ ಕಸದ ಬುಟ್ಟಿಗೆ ಹಾಕಿದರು. ಆದರೂ ನಾನು ಬಿಡದೆ ಹೋದೆ, ನಾಲ್ಕು ಕೀಗಳ ಮೇಲಿನ ಬಣ್ಣ ಅಳಿಸೋವರೆಗೂ ಬಡಿದೆ. ಕೊನೆಗೆ ಸಂತೇಲಿ ಮೇಡಂ ಸಿಕ್ಕಾಗ ಅಮ್ಮ, ಮಗ ಹೇಗೆ ಕಲೀತಿದಾನೆ ಅಂತ ವಿಚಾರಿಸಿದರು. ಮೇಡಂ ಸಮಾಧಾನದಿಂದಲೇ ಹೇಳಿದರಂತೆ, "ನಿಮ್ಮ ಮಗನ ಎಡಗೈಗೆ ಸರ್ಕಾರಿ ಕೆಲಸ ಗ್ಯಾರಂಟಿ ಕಣಮ್ಮ. ಬಲಗೈ ಮಾತ್ರ ಇನ್ನೊಂದ್ಸಲ ಪರೀಕ್ಷೆ ಕಟ್ಲಿ."

ನಿಟ್ಟೂರಿನ ಬಸ್ಸು

ಕ್ಯಾಪ್ಟನ್ ಒಂದು ಭಾನುವಾರ ಮನೆಗೆ ಫೋನ್ ಮಾಡಿದ. ಮ್ಯಾಚಿಗೆ ನನ್ನ ಪ್ಲಾನ್ ಏನು ಅಂತ ಅವನಿಗೆ ತಿಳೀಬೇಕಿತ್ತು. ಫೋನ್ ಇದ್ದದ್ದು ನಡುಮನೇಲಿ. ಅಲ್ಲೇ ನಿಟ್ಟೂರಿಂದ ಬಂದಿದ್ದ ನಮ್ಮಜ್ಜಿ, ಅಂದರೆ ನಿಜವಾದ ಅಜ್ಜಿ, ಅವರೆಕಾಯಿ ಸುಲೀತಾ ಕೂತಿದ್ದರು. ಪ್ಲಾನ್ ಹೇಳೋ ಭರದಲ್ಲಿ ನನಗೆ ಅವರು ಕಾಣಲಿಲ್ಲ.

"ಅಜ್ಜಿನ ಮುಂದಕ್ಕೆ ತಳ್ಬುಡಣ, ಅಣ್ಣ. ಏಟೆಲ್ಲ ಅವಳು ತಿನ್ಲಿ. ಸತ್ರೆ ಸಾಯ್ಲಿ ಬುಡು, ಅಜ್ಜಿ ಹೆಂಗೂ ಮತ್ತೆ ಬರ್ತಾಳೆ. ನಾಯಿಗಳ್ನ ಮಾತ್ರ ಹುಷಾರಾಗಿ ನೋಡ್ಕಬೇಕು, ನಾಯಿ ಹೋದ್ರೆ ಬಹಳ ಲಾಸು."

ಅವರೆಕಾಯಿಯ ಚಟಚಟ ಸದ್ದು ನಿಂತಿತು. ಫೋನಿಟ್ಟು ತಿರುಗಿ ನೋಡ್ತೀನಿ, ಅಜ್ಜಿ ಸೆರಗಲ್ಲಿ ಕೈ ಒರೆಸ್ಕೊಂಡು ಎದ್ದು ನಿಂತಿದ್ದರು.

"ಏನೇ, ನಿಟ್ಟೂರಿಗೆ ಬಸ್ಸು ಎಷ್ಟೊತ್ಗೆ?" ಅಂತ ಅಮ್ಮನ್ನ ಕೇಳಿದರು.

"ಅಜ್ಜಿ, ಅದು ಕಂಪ್ಯೂಟರ್ ಅಜ್ಜಿ" ಅಂದೆ.

"ಅವಳೂ ಯಾರದೋ ಮನೆ ಅಜ್ಜಿಯೇ ತಾನೇ ಕಣ್ಲಾ?"

ಅಜ್ಜಿ ಊರಿಗೇನೋ ಹೋಗಲಿಲ್ಲ. ಆದರೆ ದಿನಾ ಬೀದಿ ನಾಯಿಗೆ ಮುದ್ದೆ ಹಾಕ್ತಿದ್ದವರು ಅವತ್ತಿಂದ ನಿಲ್ಲಿಸಿದರು. ನಾಯಿ ಗೇಟಿನ ಹತ್ತಿರ ಬಂದು ನಿಂತು, ಇದೆಲ್ಲ ಯಾರಿಂದ ಆಯ್ತು ಅಂತ ಗೊತ್ತಿರೋ ಹಾಗೆ ನನ್ನನ್ನೇ ನೋಡ್ತಿತ್ತು.

ಕೈ ಮೇಲೆ

ತುಮಕೂರಿಗೂ ಕುಣಿಗಲ್ಲಿಗೂ ಕರೆಂಟು ಒಂದೇ ಹೊತ್ತಿಗೆ ಹೋಗಲ್ಲ. ಗೇಮ್ ನಡೆಯೋದು ಎಲ್ಲೋ ದೂರದ ದೇಶದ ಕಂಪ್ಯೂಟರಲ್ಲಿ, ಅಲ್ಲಿ ಕರೆಂಟೇ ಹೋಗಲ್ಲ. ಹಾಗಾಗಿ ಒಂದು ಊರಲ್ಲಿ ಕರೆಂಟ್ ಹೋದರೆ ಆ ಊರಿನ ಐದು ಜನ ಗೇಮೊಳಗೆ ಕಲ್ಲಿನ ಹಾಗೆ ನಿಂತಿರ್ತಾರೆ, ಇನ್ನೊಂದು ಊರಿನವರು ಬಂದು ಚಚ್ಚಿ ಹೋಗ್ತಾರೆ. ಇದರ ಮೇಲೆ ದೊಡ್ಡ ಜಗಳ ಆಗಿ, ಎರಡೂ ಕೆಫೆ ಓನರ್‌ಗಳು ಸೇರಿ ರೂಲ್ಸ್ ಮಾಡಿದರು. ಒಂದು ಊರಲ್ಲಿ ಕರೆಂಟ್ ಹೋದರೆ ಓನರ್ ಫೋನ್ ಮಾಡಬೇಕು. ಇನ್ನೊಂದು ಊರಿನ ಐದೂ ಜನ ಎರಡೂ ಕೈ ಮೇಲಕ್ಕೆತ್ತಬೇಕು. ಅಲ್ಲಿನ ಓನರ್ ಅದನ್ನು ಕಣ್ಣಾರೆ ನೋಡಿ ಫೋನಲ್ಲಿ ಸಾಕ್ಷಿ ಹೇಳಬೇಕು. ಕರೆಂಟ್ ಬರೋವರೆಗೂ ಯಾರೂ ಕೈ ಇಳಿಸೋ ಹಾಗಿಲ್ಲ.

ಒಂದು ಮಧ್ಯಾಹ್ನ ಪ್ರಾಕ್ಟೀಸ್ ಮ್ಯಾಚ್ ನಡೀತಿದ್ದಾಗ ಕುಣಿಗಲ್ಲಲ್ಲಿ ಕರೆಂಟ್ ಹೋಯ್ತು. ನಾವು ಐದೂ ಜನ ಕೈ ಎತ್ತಿ ಕೂತಿದ್ದೆವು. ಓನರ್ ಎದುರಿಗೆ ನಿಂತು ಗಟ್ಟಿಯಾಗಿ, "ಎಲ್ರೂ ಎತ್ತವ್ರೆ, ಒಬ್ರೂ ಅಲ್ಲಾಡ್ತಿಲ್ಲ" ಅಂತ ಫೋನಿಗೆ ಹೇಳ್ತಿದ್ದ. ಆಗಲೇ ಹಾಗಲವಾಡಿ ಕಡೆಯ ಯಜಮಾನರೊಬ್ಬರು ಪಹಣಿ ಪ್ರಿಂಟ್ ತೆಗೆಸೋಕೆ ಬಾಗಿಲು ತಳ್ಳಿ ಒಳಗೆ ಬಂದರು. ನಮ್ಮನ್ನ ನೋಡಿದರು, ಓನರ್‌ನ ನೋಡಿದರು. ಕಂಕುಳಲ್ಲಿದ್ದ ಚೀಲ ಮೆಲ್ಲಗೆ ಕೆಳಗಿಟ್ಟು, ತಾವೂ ಎರಡು ಕೈ ಎತ್ತಿ ಗೋಡೆಗೆ ಒರಗಿ ನಿಂತರು.

ಕರೆಂಟ್ ಬಂತು, ನಾವು ಕೈ ಇಳಿಸಿದೆವು. ಅವರು ಇಳಿಸಲಿಲ್ಲ, ಓನರ್ ಕಡೆ ಕಣ್ಣು ತೋರಿಸಿ, "ಮೊದ್ಲು ಆವಪ್ಪ ಹೇಳ್ಲಿ" ಅಂದರು.

ಕುಣಿಗಲ್ ಮ್ಯಾಚ್

ಕಡೆಗೂ ಮ್ಯಾಚಿನ ದಿನ ಬಂತು. ಐದನೇ ಕುರ್ಚೀಲಿ ಕೂತೆ. ಮೇಲಿನ ಮಹಡಿಯಲ್ಲಿ ಗಣಿತದ ಮೇಷ್ಟ್ರು ಸೂತ್ರ ಹೇಳಿಕೊಡ್ತಿದ್ದ ಸದ್ದು ಕೇಳ್ತಿತ್ತು. ಸೋತರೆ ನಾನು ಎಲ್ಲಿರ್ತೀನಿ ಅಂತ ಯಾರೂ ನೆನಪು ಮಾಡೋ ಅಗತ್ಯ ಇರಲಿಲ್ಲ.

ಕುಣಿಗಲ್ಲಿನವರದು ಶುರುವಿಂದಲೇ ಮೇಲುಗೈ. ನಮ್ಮ ಕೋಟೆಯ ಬಾಗಿಲಿಗೇ ಬಂದು ನಿಂತರು. ನನ್ನ ಸರ್ಕಾರಿ ಎಡಗೈ ಗಾಬರಿಯಲ್ಲಿ ಏನು ಒತ್ತಿತೋ ಗೊತ್ತಿಲ್ಲ, ನಾಯಿಗಳು ನಾಪತ್ತೆ.

"ನಾಯಿ ಎಲ್ಲೋ?" ಕ್ಯಾಪ್ಟನ್ ಕಿರುಚಿದ.

"ಹುಡುಕ್ತಿದೀನಣ್ಣ."

"ಹುಡುಕ್ತಿದೀಯಾ? ಬಸ್ ಸ್ಟ್ಯಾಂಡಲ್ಲಿ ಕೇಳ್ಕಂಡು ಬರ್ಲಾ?"

ಸಿಕ್ಕವು. ಕಾಡು ಬಳಸಿ, ಎಲ್ಲರ ಕಣ್ಣು ತಪ್ಪಿಸಿ, ನಾಲ್ಕೂ ಹೋಗಿ ಕುಣಿಗಲ್ಲಿನವರ ಕೋಟೆಯ ಹಿಂದೆ ಕೂತಿದ್ದವು. ವಾಪಸ್ ಕರೆಯೋಣ ಅಂತ ಬೆರಳಿಟ್ಟೆ. ಕರೆಂಟ್ ಹೋಯ್ತು.

ಓನರ್ ಕತ್ತಲಲ್ಲೇ ತಡಕಾಡಿ ಫೋನ್ ಮಾಡಿ, ಸ್ಪೀಕರ್ ಹಾಕಿದ. "ಹಲೋ, ನಮ್ದು ಕರೆಂಟ್ ಹೋಯ್ತು, ಕೈ ಎತ್ತಿಸ್ರೀ."

"ಎತ್ತವ್ರೆ, ಎತ್ತವ್ರೆ" ಅಂದ ಕುಣಿಗಲ್ ಓನರ್.

ಕ್ಯಾಪ್ಟನ್ ತಲೆ ಮೇಲೆ ಕೈ ಹೊತ್ತು ಕೂತ. ನಾನು ಮೆಟ್ಟಿಲ ಕಡೆ ನೋಡಿದೆ. ಹೀಗೇ ಸ್ವಲ್ಪ ಹೊತ್ತು ಕಳೀತು. ಆಮೇಲೆ ಫೋನೊಳಗಿಂದ, "ಎತ್ತವ್ರೆ... ಎತ್ತೇ ಅವ್ರೆ... ಏಯ್, ಇದೇನ್ರೀ ಇದು, ನಾಯಿ ಬೊಗಳ್ತಾವೆ?"

ನಮ್ಮ ಓನರ್ ನನ್ನ ಕಡೆ ತಿರುಗಿದ. ನಾನು ಎರಡು ಕೈಯನ್ನೂ ಅವನಿಗೆ ತೋರಿಸಿದೆ.

"ರೀ, ನಾಯಿ ನಮ್ ಕೋಟೆ ಕಚ್ತಾವೆ ಕಣ್ರೀ! ನಮ್ ಹುಡುಗ್ರು ಕೈ ಇಳಿಸ್ಲಾ ಅಂತವ್ರೆ!"

"ರೂಲ್ಸು ರೂಲ್ಸೇ ಅಲ್ವೇನ್ರೀ" ಅಂದ ನಮ್ಮ ಓನರ್, ಬಹಳ ಶಾಂತವಾಗಿ.

"ಒಂದೇ ಒಂದು ಕೈ ಇಳಿಸ್ಲೇನ್ರೀ?"

"ಎರಡೂ ಮೇಲೆ."

ಆಮೇಲೆ ಫೋನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯೋ ಹಾಗಿಲ್ಲ. ಕರೆಂಟ್ ಬಂದಾಗ ಕುಣಿಗಲ್ ಕೋಟೆ ಬಿದ್ದಾಗಿತ್ತು.

ಕೆಫೆಯೆಲ್ಲ ಕೇಕೆ. ಕ್ಯಾಪ್ಟನ್ ನನ್ನ ಹತ್ತಿರ ಬಂದ. ಅಷ್ಟು ದಿನ ನಾನು ಬೆರಳು ಸವೆಸಿ ಆಡಿದಾಗ ಒಂದು ಇಟ್ಟಿಗೆಯನ್ನೂ ಕೆಡವದ ನಾಯಿಗಳು, ನಾನು ಮುಟ್ಟದೆ ಬಿಟ್ಟಾಗ ಮಾಡಿದ್ದನ್ನು ಅವನು ಲೆಕ್ಕ ಹಾಕ್ತಿದ್ದ ಅಂತ ಕಾಣುತ್ತೆ.

"ಮಾತು ಅಂದ್ರೆ ಮಾತು. ಸೀಟು ನಿಂದೇ ಕಣೋ" ಅಂದ.

ನಾನು ಖುಷಿಗೆ ಕೀಬೋರ್ಡ್ ಸವರೋಕೆ ಹೋದೆ. ಅವನು ಗಬಕ್ಕನೆ ಅದನ್ನು ಎತ್ತಿ ಕಂಕುಳಲ್ಲಿ ಇಟ್ಕೊಂಡ.

"ಇದೊಂದನ್ನ ಮಾತ್ರ ಇನ್ಮೇಲೆ ಮುಟ್ಬೇಡ."